ಕಾಳಿ ನದಿಯ ತಿರುವಿನಲ್ಲಿ

ಬೈರಕೂರು
೧೨-೨-೧೯೮೫

ಪ್ರೀತಿಯ ಮಗಳು ಶ್ಯಾಮಲೆಗೆ ನಿನ್ನ ಮಾವನ ಆಶೀರ್ವಾದಗಳು.

ನಿನ್ನ ಕೆಮ್ಮು ಇನ್ನೂ ಹೋಗಿಲ್ಲವೆಂದು ನಿಮ್ಮಣ್ಣ ನಂಗಲಿಯಲ್ಲಿ ಸಿಕ್ಕಾಗ ಹೇಳಿದ. ಈಗ ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ತಾನೆ? ನಿಮ್ಮತ್ತೆ ನಿನಗೆಂದು ಹುರುಳಿಕಾಳು ಕಟ್ಟಿಟ್ಟಿದ್ದಾಳೆ, ಶ್ರೀನಿವಾಸಪುರದ ಕಡೆ ಯಾರಾದರೂ ಹೊರಟರೆ ಕಳಿಸುತ್ತೇನೆ. ಹಿಪ್ಪುನೇರಳೆ ಸೊಪ್ಪು ಈ ಸಲ ಚೆನ್ನಾಗಿ ಬಂದಿದೆ.

ಕದಿರೇಶನ ವರ್ಷದ ಕಾರ್ಯ ಮುಗಿಸಿ ತವರಿಗೆ ಹೊರಟಾಗ ನೀನು, "ಕೊನೇಲಿ ಅವರು ಒಬ್ರೇ ಇದ್ರಾ ಮಾವಾ?" ಎಂದು ಕೇಳಿದೆ. ಅದಕ್ಕೇ ಅವನ ಸ್ನೇಹಿತ ಅಶ್ವತ್ಥಪ್ಪನನ್ನು ಹುಡುಕಿ, ಅವನ ಜೊತೆ ದಾಂಡೇಲಿಯ ಕಾಡಿಗೆ ಹೋಗಿಬಂದೆ. ಸ್ಕೂಲಿಗೆ ರಜ ಸಿಕ್ಕರೆ ಸಾಕು, ನಮ್ಮ ಕದಿರೇಶ ಮೇಷ್ಟರಿಗೆ ಕಾಡಿನ ಹುಚ್ಚು ಎಂದು ನಾವೆಲ್ಲ ಗೊಣಗುತ್ತಿದ್ದೆವಲ್ಲ. ಅಲ್ಲಿ ಹಗಲಲ್ಲೂ ಬಿಸಿಲು ನೆಲಕ್ಕೆ ಇಳಿಯುವುದಿಲ್ಲ. ದಾರಿಯೆಂದರೆ ಕಾಡುಕೋಣ ತುಳಿದ ಜಾಡು. ಹಿಂದೆ ಬರುವವರು ದಾರಿ ತಪ್ಪಬಾರದೆಂದು ನನ್ನ ಮಗ ಕವಲುಗಳಲ್ಲಿ ಕಲ್ಲು ಪೇರಿಸಿದ್ದಾನೆ. ಮಳೆಗೆ ಕೆಲವು ಉರುಳಿವೆ, ಕೆಲವು ಇನ್ನೂ ನಿಂತಿವೆ. ಒಂದನ್ನೂ ಮುಟ್ಟದೆ ಮುಂದೆ ಹೋಗಲು ನನ್ನ ಕೈಲಾಗಲಿಲ್ಲ.

ಕಾಳಿ ನದಿಯಲ್ಲಿ ತೆಪ್ಪದ ಮೇಲೆ ಎಲ್ಲಿಯವರೆಗೆ ಇಳಿದು ಹೋಗಬಹುದೆಂದು ಅವತ್ತು ಅವನೂ ಸ್ನೇಹಿತರೂ ನೋಡುತ್ತಿದ್ದರಂತೆ. ಒಂದು ತಿರುವಿನಲ್ಲಿ ತೆಪ್ಪ ಬಂಡೆಗಳ ನಡುವೆ ಸಿಕ್ಕಿತು. ಕದಿರೇಶ ನೀರಿಗಿಳಿದು ಬಿಡಿಸಿದ. ತೆಪ್ಪ ಉಳಿದವರನ್ನು ಹೊತ್ತು ಮುಂದೆ ಹೋಯಿತು, ಇವನ ಕಾಲು ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡಿತು. ಮೇಲೆಲ್ಲೋ ಮಳೆಯಾಗಿ ಹೊಳೆ ಏರುತ್ತಿತ್ತು. ಅಶ್ವತ್ಥಪ್ಪ ದಡಕ್ಕೆ ಹಾರಿ, ಓಡಿ ಬಂದು ಅವನ ಕೈ ಹಿಡಿದ. ಎಷ್ಟು ಎಳೆದರೂ ಕಾಲು ಬರಲಿಲ್ಲ. ಆಗ ಕದಿರೇಶ, "ಶ್ಯಾಮಲಂಗೆ ನೀನೇ ಹೋಗಿ ಹೇಳೋ. ಬೇರೆಯವರ ಬಾಯಲ್ಲಿ ಕೇಳೋದು ಬೇಡ" ಎಂದನಂತೆ. ನಿನ್ನ ಮುಖ ನೋಡುವ ಧೈರ್ಯ ಆ ಹುಡುಗನಿಗೆ ಇವತ್ತಿನವರೆಗೂ ಬಂದಿಲ್ಲ. ಅದೇ ಬಂಡೆಯ ಮೇಲೆ ಕೂತು ನನ್ನ ಹತ್ತಿರ ಹೇಳಿ ಅತ್ತ. ನೀರು ಕದಿರೇಶನ ತಲೆ ಮುಚ್ಚಿದ ಮೇಲೂ ಅವನು ಕೈ ಬಿಡಲಿಲ್ಲವಂತೆ, ಆ ಕೈ ತಣ್ಣಗಾಗುವವರೆಗೂ. ನಮ್ಮ ಕದಿರೇಶ ಒಬ್ಬನೇ ಇರಲಿಲ್ಲ, ತಲ್ಲೀ.

ನಿಮ್ಮಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು. ಕಷಾಯ ತಪ್ಪಿಸಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಮಾವ,
ಕೋದಂಡರಾಮಪ್ಪ

ಮರೆತೆ: ಮಾಲೂರಿನವರು ನಿನ್ನನ್ನು ಕೇಳಿಕೊಂಡು ಬಂದಾಗ, ಬೈರಕೂರಿನವರು ಒಪ್ಪದೆ ಆಗುವುದಿಲ್ಲ ಎಂದೆಯಂತೆ. ನಾವು ಒಪ್ಪಿದ್ದೇವೆ. ನಿಮ್ಮತ್ತೆ ಅಳಲಿಲ್ಲ ಎಂದು ಸುಳ್ಳು ಬರೆಯಲಾರೆ. ಅತ್ತು, ಮುಖ ತೊಳೆದುಕೊಂಡು ಬಂದು, "ಧಾರೆ ನಾವೇ ಎರೀತೀವಿ ಅಂತ ಬರೀರಿ" ಎಂದಳು.