ಮ್ಯಾಕರೋನಿ ಇನ್ನು ರಮೋನಾಳದು

ಟಾರ್‌ಬರೋ, ನಾರ್ತ್ ಕ್ಯಾರೊಲೈನಾ
ನವೆಂಬರ್ ಮೂವತ್ತು, ಶನಿವಾರ

ಪ್ರೀತಿಯ ಮಗಳು ಯೊಲಾಂಡಾಳಿಗೆ,

ಹೇಗಿದ್ದೀಯ? ಬಾಲ್ಟಿಮೋರಿನಲ್ಲಿ ಆಗಲೇ ಹಿಮ ಬಿತ್ತಂತೆ, ರೇಡಿಯೋದಲ್ಲಿ ಹೇಳಿದರು. ಆಸ್ಪತ್ರೆಯಲ್ಲಿ ದಿನವೆಲ್ಲ ನಿಂತು ನಿಂತು ಪಾದ ಊದುತ್ತದೆ ಅಂದಿದ್ದೆಯಲ್ಲ, ಈಗ ಇಳಿದಿದೆಯಾ? ದಾದಿಯರು ಹಾಕಿಕೊಳ್ಳುವ ಬಿಗಿ ಕಾಲುಚೀಲ ಹಾಕಿಕೋ, ಅಂದಚೆಂದ ನೋಡಬೇಡ. ನನ್ನ ಸಕ್ಕರೆ ಒಂದು ದಿನ ಏರುತ್ತದೆ, ಒಂದು ದಿನ ಇಳಿಯುತ್ತದೆ. ಹಬ್ಬದ ವಾರದಲ್ಲಿ ಏರಿದ್ದೇ ಹೆಚ್ಚು, ಡಾಕ್ಟರಿಗೆ ಹೇಳಬೇಡ. ಎಡ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಹ್ಯಾಟಿ ಅಕ್ಕ ನನಗಿಂತ ಎಷ್ಟು ದೊಡ್ಡವಳು, ಈಗಲೂ ಚರ್ಚಿನ ಮೆಟ್ಟಿಲನ್ನು ಪಕ್ಕದ ಕಂಬಿ ಮುಟ್ಟದೆ ಹತ್ತುತ್ತಾಳೆ. ಹತ್ತಿ ಹಿಂದಿರುಗಿ ನನ್ನನ್ನು ನೋಡಿ ನಗುತ್ತಾಳೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನೀನು "ಸರಿ ಅಮ್ಮ, ಸರಿ ಅಮ್ಮ" ಅಂದುಬಿಡುತ್ತೀಯ. ನನಗೂ ಅಷ್ಟಕ್ಕೇ ಸಾಕೆನಿಸಿಬಿಡುತ್ತದೆ. ಕಾಗದಕ್ಕೆ ಹಾಗೆ ಅಡ್ಡ ಬಾಯಿ ಹಾಕಲು ಬರುವುದಿಲ್ಲ. ಹಾಗಾಗಿ ಕಾಫಿ ಕಾಸಿಟ್ಟುಕೊಂಡು ಅಡುಗೆಮನೆಯ ಮೇಜಿಗೆ ಕೂತಿದ್ದೇನೆ. ಥ್ಯಾಂಕ್ಸ್‌ಗಿವಿಂಗಿಗೆ ಡ್ಯೂಟಿ ಇದೆ, ಬರಲಾಗುವುದಿಲ್ಲ ಅಂದೆ. ಹೋದ ವರ್ಷವೂ ಡ್ಯೂಟಿ ಇತ್ತು. ನಾನು ನಂಬಿದೆ ಅಂತಲೇ ಇಟ್ಟುಕೋ. ಈಗ ಈ ಸಲದ ಊಟ ಹೇಗಾಯಿತು ಅನ್ನುವುದನ್ನು ಹೇಳುತ್ತೇನೆ. ಹೇಳಲೇಬೇಕಾದ ಸಂಗತಿಯೊಂದು ಅದರಲ್ಲಿದೆ. ಬೇರೆಯವರ ಬಾಯಿಂದ ನೀನು ಅದನ್ನು ಕೇಳಬಾರದು.

ನಮ್ಮ ಮನೆಯಲ್ಲಿ ಟರ್ಕಿ ಕೋಳಿಯ ಬಗ್ಗೆ ಯಾರೂ ಮಾತಾಡುವುದಿಲ್ಲ, ನಿನಗೆ ಗೊತ್ತು. ಅದು ಊರ ದೊಡ್ಡ ಮನುಷ್ಯನ ಹಾಗೆ ಮೇಜಿನ ನಡುವೆ ಕೂತಿರುತ್ತದೆ, ಎಲ್ಲರೂ ಮರ್ಯಾದೆಗೆ ಒಂದು ತುಂಡು ಹಾಕಿಸಿಕೊಳ್ಳುತ್ತಾರೆ. ಜಗಳ, ಹೊಗಳಿಕೆ, ಮುನಿಸು ಎಲ್ಲ ಸುತ್ತಲಿನ ಪಾತ್ರೆಗಳದ್ದು. ಹ್ಯಾಟಿ ಅಕ್ಕನ ಕೊಲಾರ್ಡ್ ಸೊಪ್ಪು, ಮೆಕ್ಕೆಜೋಳದ ಬ್ರೆಡ್ಡು ಪುಡಿಮಾಡಿ ಬೇಯಿಸುವ ನನ್ನ ಡ್ರೆಸ್ಸಿಂಗ್, ರಾಸ್ಕೋ ಸಕ್ಕರೆ ಸುರಿದು ಬೇಯಿಸುವ ಸಿಹಿಗೆಣಸು, ರಮೋನಾಳ ಬೀನ್ಸ್. ಇವೆಲ್ಲಕ್ಕೂ ಮೇಲೆ ಮ್ಯಾಕರೋನಿ ಮತ್ತು ಚೀಸ್. ಅದನ್ನು ಮಾಡುವ ಹಕ್ಕು ಕೇಳಿ ಪಡೆಯುವಂಥದ್ದಲ್ಲ. ಅಲ್ಲಿಯವರೆಗೆ ಅದನ್ನು ಮಾಡುತ್ತಿದ್ದ ನನ್ನ ನಾದಿನಿ ಪರ್ಲಿಗೆ ಕೈ ನಡುಗಲು ಶುರುವಾದ ವರ್ಷ, ಇದೇ ಅಡುಗೆಮನೆಯಲ್ಲಿ ಎಲ್ಲರ ಎದುರು ಚೀಸ್ ತುರಿಯುವ ಮಣೆಯನ್ನು ಎತ್ತಿ ನಿನ್ನ ಕೈಗೆ ಕೊಟ್ಟಳು. ನೀನು ಕರ್ಟಿಸ್‌ನ ಕೈಹಿಡಿದು ಈ ಮನೆಗೆ ಬಂದು ನಾಲ್ಕನೇ ವರ್ಷವೋ ಏನೋ. ಟರ್ಕಿ ಜೊತೆಗೆ ಹುಳಿ ಎಲೆಕೋಸು ತಿನ್ನುವ ಊರಿನ ಹುಡುಗಿ ಅಂತ ನಾವೆಲ್ಲ ನಿನ್ನನ್ನು ಆಡಿಕೊಳ್ಳುತ್ತಿದ್ದ ಕಾಲ. ಕರ್ಟಿಸ್ ಆವತ್ತು ಲಾಟರಿ ಹೊಡೆದವನ ಹಾಗೆ ಮನೆ ತುಂಬ ತಿರುಗಿದ. ರಮೋನಾ ಆಗ ಸಿಂಕಿನ ಹತ್ತಿರ ಬೀನ್ಸ್ ನಾರು ತೆಗೆಯುತ್ತಿದ್ದಳು. ರಾಸ್ಕೋನ ಹೆಂಡತಿಯಾಗಿ ಅವಳು ನಮ್ಮ ಮನೆಗೆ ಬಂದು ನಿನಗಿಂತ ಆರು ವರ್ಷ ಹೆಚ್ಚಾಗಿತ್ತು. ತಲೆ ಎತ್ತಲಿಲ್ಲ, ನಾರು ತೆಗೆಯುತ್ತಲೇ ಇದ್ದಳು. ನಾನು ಅದನ್ನು ನೋಡಿದ್ದೆ. ನೋಡಿದ್ದೆ ಅನ್ನುವುದು ಈಗ ನೆನಪಾಗುತ್ತಿದೆ.

ಕರ್ಟಿಸ್ ತೀರಿಹೋದ ವರ್ಷ ನೀನು ಬಂದು, ಕಣ್ಣೀರು ಒರೆಸಿಕೊಳ್ಳುತ್ತಲೇ ಮ್ಯಾಕರೋನಿ ಮಾಡಿದೆ. ಮಾರನೇ ವರ್ಷ ಬರಲಿಲ್ಲ. ಆಗ ನಾನು ನಿನ್ನ ಆ ಅಗಲದ ಗಾಜಿನ ಪಾತ್ರೆಯನ್ನು ತೊಳೆದು, ಒರೆಸಿ, ಎಂದಿನ ಜಾಗದಲ್ಲಿ ಖಾಲಿಯೇ ಇಟ್ಟೆ. ಕ್ರಿಸ್‌ಮಸ್ಸಿಗೂ ಇಟ್ಟೆ, ಈಸ್ಟರಿಗೂ ಇಟ್ಟೆ.

ಹಬ್ಬಕ್ಕೆ ಹನ್ನೊಂದು ದಿನ ಇರುವಾಗ, ಭಾನುವಾರ ಚರ್ಚು ಬಿಟ್ಟ ಮೇಲೆ ರಮೋನಾ ನೇರ ಇಲ್ಲಿಗೆ ಬಂದಳು. ಕೋಟೂ ಬಿಚ್ಚಲಿಲ್ಲ, ಕೂರಲೂ ಇಲ್ಲ. "ಅಮ್ಮ, ಈ ಸಲ ಮ್ಯಾಕರೋನಿ ನಾನು ಮಾಡ್ತೀನಿ" ಅಂದಳು. ಅದು ಯೊಲಾಂಡಾಳದು ಅಂದೆ. "ಯೊಲಾಂಡಾ ಬರಲ್ಲ ಅಮ್ಮ. ಬರ್ಲಿ ಅಂತ ನಂಗೂ ಆಸೆನೇ. ಆದ್ರೆ ಬರಲ್ಲ. ನೀವು ಆ ಖಾಲಿ ಪಾತ್ರೆ ತಂದಿಡ್ತೀರಿ, ಎಲ್ರೂ ಅದರ ಸುತ್ತ ಕೈ ಚಾಚಿ ಉಪ್ಪು ತಗೋತಾರೆ, ಸಮಾಧಿ ಕಲ್ಲು ತುಳೀಬಾರ್ದು ಅನ್ನೋ ಹಾಗೆ. ಊಟ ಗಂಟಲಲ್ಲಿ ಇಳಿಯಲ್ಲ ನಂಗೆ" ಅಂದಳು. ನನಗೆ ಎಲ್ಲಿತ್ತೋ ಸಿಟ್ಟು. ನಿನ್ನ ಬೀನ್ಸ್ ನೀನು ನೋಡ್ಕೋ ಹೋಗು ಅಂದುಬಿಟ್ಟೆ. ಅವಳು, "ಇಷ್ಟು ವರ್ಷ ಅದನ್ನೇ ನೋಡ್ಕೊಂಡಿದ್ದೀನಿ ಅಮ್ಮ. ಬೀನ್ಸ್‌ಗೂ ನನ್ನ ಮುಖ ನೋಡಿ ನೋಡಿ ಬೇಜಾರಾಗಿದೆ" ಅಂತ ಹೇಳಿ ಬಾಗಿಲು ಹಾಕಿಕೊಂಡು ಹೋದಳು. ಬಡಿಯಲಿಲ್ಲ, ಮೆಲ್ಲಗೇ ಹಾಕಿದಳು. ಬಡಿದಿದ್ದರೆ ಚೆನ್ನಾಗಿತ್ತು.

ಎರಡು ದಿನ ಬಿಟ್ಟು ರಾಸ್ಕೋ ಫೋನು ಮಾಡಿದ. ಹವಾಮಾನದ ಮಾತಾಡಿದ, ಕಾರಿನ ಟೈರಿನ ಮಾತಾಡಿದ. ಆಮೇಲೆ, "ಅಮ್ಮ, ಈ ಸಲ ನಾವು ರಮೋನಾ ಅವರಮ್ಮನ ಮನೇಲಿ, ವಿಲ್ಸನ್‌ನಲ್ಲಿ ಊಟ ಮಾಡೋದು ಅಂತ ಯೋಚ್ನೆ" ಅಂದ. ಸರಿ ಅಂದೆ. ಇಟ್ಟ ಮೇಲೆ ಫೋನಿನ ಹತ್ತಿರವೇ ನಿಂತಿದ್ದೆ. ಹುಟ್ಟಿದ್ದು ಇಬ್ಬರು ಮಕ್ಕಳು, ಒಬ್ಬ ಮಣ್ಣಿಗೆ ಹೋದ, ಇನ್ನೊಬ್ಬ ವಿಲ್ಸನ್ನಿಗೆ ಹೋಗುತ್ತಾನೆ ಅಂತ ಅನ್ನಿಸಿತು.

ಹ್ಯಾಟಿ ಅಕ್ಕನ ಹತ್ತಿರ ಹೇಳಿಕೊಂಡೆ. ನನ್ನ ಕಡೆ ಮಾತಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಸೊಪ್ಪಿನ ದಂಟು ಮುರಿಯುತ್ತ, "ಕರ್ಟಿಸ್ ಸತ್ತ ಕಣೇ. ಮ್ಯಾಕರೋನಿನೂ ಸಾಯಬೇಕಾ?" ಅಂದಳು. ಅಂಥ ಮಾತು ಆಡಲು ಅವಳೊಬ್ಬಳಿಗೇ ಸಾಧ್ಯ. ಒಂದು ದಿನ ಪೂರ್ತಿ ಅವಳ ಜೊತೆ ಮಾತು ಬಿಟ್ಟೆ. ಅವಳಿಗೆ ಅದು ಗೊತ್ತೇ ಆಗಲಿಲ್ಲವಂತೆ, ಆಮೇಲೆ ಹೇಳಿದಳು.

ಗುರುವಾರ ಬಂತು. ಟರ್ಕಿ ಚೆನ್ನಾಗಿ ಕೆಂಪಗೆ ಬೆಂದಿತ್ತು. ಮನೆ ತುಂಬ ಬೆಣ್ಣೆ, ಸೇಜ್ ಸೊಪ್ಪಿನ ವಾಸನೆ. ಮೇಜಿಗೆ ಬಟ್ಟೆ ಹಾಸಿದೆ, ಹ್ಯಾಟಿ ಅಕ್ಕ ಸೊಪ್ಪು ತಂದಿಟ್ಟಳು, ನಾನು ಡ್ರೆಸ್ಸಿಂಗ್ ಇಟ್ಟೆ. ಆಮೇಲೆ ರೂಢಿಯಂತೆ ಕಪಾಟಿನಿಂದ ಆ ಗಾಜಿನ ಪಾತ್ರೆ ತೆಗೆದೆ. ಕೈಯಲ್ಲಿ ಹಿಡಿದು ಮೇಜನ್ನು ನೋಡಿದೆ. ಹತ್ತು ಹನ್ನೆರಡು ಜನ ಕೂರುವ ಮೇಜಿಗೆ ಇಬ್ಬರು ಮುದುಕಿಯರು, ಒಂದು ಟರ್ಕಿ, ಒಂದು ಖಾಲಿ ಪಾತ್ರೆ. ಹ್ಯಾಟಿ ಅಕ್ಕ ನನ್ನ ಮುಖ ನೋಡಿ, "ಈ ಕೋಳಿ ಎಲ್ಲೂ ಓಡಿಹೋಗಲ್ಲ, ನಾನು ಕಾಯ್ತೀನಿ. ಹೋಗಿ ಬಾ" ಅಂದಳು. ಎಲ್ಲಿಗೆ ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪಾತ್ರೆಯನ್ನು ಪಕ್ಕದ ಸೀಟಿನಲ್ಲಿಟ್ಟು, ಅದಕ್ಕೆ ಸೀಟು ಬೆಲ್ಟು ಬಿಗಿದು, ಕಾರು ಬಿಟ್ಟುಕೊಂಡು ನದಿ ಆಚೆ ರಾಸ್ಕೋನ ಮನೆಗೆ ಹೋದೆ. ವಿಲ್ಸನ್ನಿಗೆ ಹೊರಟುಬಿಟ್ಟಿರುತ್ತಾರೆ ಅಂತ ಭಯ. ಕಾರು ಅಂಗಳದಲ್ಲೇ ಇತ್ತು. ರಮೋನಾ ಏಪ್ರನ್ ಕಟ್ಟಿಕೊಂಡು ಬಾಗಿಲು ತೆಗೆದಳು. ಒಳಗೆ ಒಲೆಯ ಮೇಲೆ ತಗಡಿನ ದೊಡ್ಡ ತಟ್ಟೆ ತುಂಬ ಮ್ಯಾಕರೋನಿ, ಆಗ ತಾನೇ ತೆಗೆದದ್ದು, ಅಂಚು ಇನ್ನೂ ಗುಳುಗುಳು ಅನ್ನುತ್ತಿತ್ತು. ಸಿಂಕಿನಲ್ಲಿ ಇನ್ನೊಂದು ತಟ್ಟೆ ಬಿದ್ದಿತ್ತು. ಮೊದಲ ಸಲ ಚೀಸ್ ಒಡೆದು ಎಣ್ಣೆ ಬಿಟ್ಟುಕೊಂಡಿತಂತೆ, ಎಸೆದು ಮತ್ತೆ ಮಾಡಿದ್ದಾಳೆ. ವಿಲ್ಸನ್ನಿಗಾ ಇದು ಅಂತ ಕೇಳಿದೆ. "ಗೊತ್ತಿಲ್ಲ ಅಮ್ಮ" ಅಂದಳು. "ಮಾಡ್ಬೇಕು ಅನ್ನಿಸ್ತು, ಮಾಡ್ದೆ. ಎಲ್ಲಿಗೆ ತಗೊಂಡು ಹೋಗೋದು ಅಂತ ಬೆಳಗ್ಗಿಂದ ಯೋಚ್ನೆ ಮಾಡ್ತಾ ಕೂತಿದ್ದೀನಿ." ರಾಸ್ಕೋ ಟಿವಿ ಮುಂದೆ ಕೂತಿದ್ದ. ಚೆಂಡಾಟ ನೋಡುವ ಹಾಗೆ ನಟಿಸುತ್ತಿದ್ದ, ಟಿವಿಗೆ ದನಿಯೇ ಇರಲಿಲ್ಲ.

ನಾನು ಗಾಜಿನ ಪಾತ್ರೆ ಮುಂದೆ ಹಿಡಿದೆ. "ಇದಕ್ಕೆ ಬಗ್ಗಿಸು" ಅಂದೆ. ರಮೋನಾ ಪಾತ್ರೆ ನೋಡಿದಳು, ನನ್ನನ್ನು ನೋಡಿದಳು. "ಬಗ್ಗಿಸಿದ್ರೆ ಮೇಲಿನ ಗರಿಗರಿ ಪದರ ಎಲ್ಲ ಒಡೆದು ಹೋಗುತ್ತೆ ಅಮ್ಮ. ಇಷ್ಟು ವರ್ಷ ಅಡುಗೆ ಮಾಡಿದ್ದೀರಿ, ಅಷ್ಟೂ ಗೊತ್ತಿಲ್ವಾ?" ಅಂದಳು. ಅಂದವಳೇ ನನ್ನ ಹೆಗಲ ಮೇಲೆ ತಲೆಯಿಟ್ಟಳು. ಅವಳು ನನಗಿಂತ ಎಷ್ಟು ಎತ್ತರ, ಬಗ್ಗಿ ಇಡಬೇಕಾಯಿತು. ತಗಡಿನ ತಟ್ಟೆಯನ್ನೇ ಟವೆಲಿನಲ್ಲಿ ಸುತ್ತಿ ತಂದೆವು. ಗಾಜಿನದು ಅವಳ ಮನೆಯಲ್ಲೇ ಉಳಿಯಿತು.

ಊಟಕ್ಕೆ ಕೂತಾಗ ರಾಸ್ಕೋನ ಮಕ್ಕಳು, ಅಷ್ಟರಲ್ಲಿ ಹ್ಯಾಟಿ ಅಕ್ಕ ಫೋನು ಮಾಡಿ ಕರೆಸಿದ್ದ ಅವಳ ಮಗಳ ಮನೆಯವರು ಎಲ್ಲ ಬಂದಿದ್ದರು. ಪ್ರಾರ್ಥನೆ ಮುಗಿಯಿತು, ಆದರೂ ಯಾರೂ ಚಮಚ ಎತ್ತಲಿಲ್ಲ. ಎಲ್ಲರ ಕಣ್ಣು ನನ್ನ ತಟ್ಟೆಯ ಮೇಲೆ. ಮೊದಲು ಹ್ಯಾಟಿ ಅಕ್ಕ ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದು, "ಸರಿಯಾಗಿ ತಿಳೀಲಿಲ್ಲ, ಇನ್ನೊಂದು ಚೂರು ಹಾಕು" ಅಂದಳು. ರಮೋನಾ ಹಾಕಿದಳು. "ಇನ್ನೂ ತಿಳೀಲಿಲ್ಲ" ಅಂದಳು. ಆಗ ಎಲ್ಲರೂ ನಕ್ಕರು. ನಾನೂ ತಿಂದೆ. ಯೊಲಾಂಡಾ, ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ, ಚೆನ್ನಾಗಿತ್ತು. ನಿನ್ನದರ ಹಾಗೆ ಅಲ್ಲ. ನೀನು ಮೊಟ್ಟೆ ಹಾಕುತ್ತಿದ್ದೆ, ಚಾಕುವಿನಲ್ಲಿ ಕತ್ತರಿಸಿದರೆ ಚೌಕಚೌಕ ಬರುತ್ತಿತ್ತು. ಅವಳದು ಜಾರುತ್ತದೆ, ಸಾಸಿವೆಯ ಖಾರ ಕೊನೆಯಲ್ಲಿ ಮೂಗಿಗೆ ಬರುತ್ತದೆ. ನನಗೆ ಅಳು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ.

ಆಮೇಲೆ ಒಂದು ಸಂಗತಿ ನಡೆಯಿತು. ರಾಸ್ಕೋ ತಟ್ಟೆಯ ಮೂಲೆಯ ಗರಿಗರಿ ತುಂಡನ್ನು ಕೆರೆದುಕೊಳ್ಳುತ್ತ, "ಕರ್ಟಿಸ್ ಇದ್ದಿದ್ರೆ ಈ ಮೂಲೆ ನಂಗೆ ಸಿಗ್ತಿತ್ತಾ" ಅಂದ. ಅವನ ಹೆಸರನ್ನು ಆ ಮೇಜಿನಲ್ಲಿ ಯಾರೂ ಎತ್ತಿರಲಿಲ್ಲ, ನನ್ನ ಮುಖಕ್ಕೆ ಹೆದರಿ. ಹ್ಯಾಟಿ ಅಕ್ಕ, "ನಾಲ್ಕೂ ಮೂಲೆ ತಿಂದು ನಾಯಿ ಮೇಲೆ ತಪ್ಪು ಹೊರಿಸಿದ್ದ ಕಳ್ಳ. ಪಾಪದ ನಾಯಿ, ಊಟ ಇಲ್ದೆ ಹೊರಗೆ ಕೂತಿತ್ತು" ಅಂದಳು. ಅಲ್ಲಿಂದ ಶುರುವಾಯಿತು ನೋಡು. ಒಬ್ಬರಾದ ಮೇಲೆ ಒಬ್ಬರು. ಅವನು ಚರ್ಚಿನಲ್ಲಿ ನಿದ್ದೆ ಹೋಗಿ ಆಮೆನ್ ಅಂತ ಕೂಗಿದ್ದು, ನಿನ್ನನ್ನು ಮೊದಲ ಸಲ ತೋರಿಸಲು ಕರೆತಂದಾಗ ಷರಟು ತಿರುಗುಮುರುಗ ಹಾಕಿಕೊಂಡಿದ್ದು. ಮೇಜಿನ ಮೇಲೆ ಬರೀ ಕರ್ಟಿಸ್. ಅವನ ಜಾಗ ಕಾಯುತ್ತಿದ್ದೇನೆ ಅಂದುಕೊಂಡು ನಾನು ಅವನನ್ನೇ ಬಾಯಿಗೆ ಬಾರದ ಹಾಗೆ ಮಾಡಿದ್ದೆ.

ಆ ರಾತ್ರಿಯಿಂದ ಅದನ್ನೇ ಯೋಚಿಸುತ್ತಿದ್ದೇನೆ. ನಿನಗೂ ಅವನಿಗೂ ಮಕ್ಕಳಾಗಲಿಲ್ಲ. ಮೊಮ್ಮಗು ಇದ್ದಿದ್ದರೆ ನಿನ್ನನ್ನು ಕರೆಯಲು ನನಗೊಂದು ನೆಪ ಇರುತ್ತಿತ್ತು. ಇಲ್ಲದ್ದಕ್ಕೆ ಆ ಪಾತ್ರೆ ಹಿಡಿದುಕೊಂಡೆ. ಅದು ಇಲ್ಲಿರುವವರೆಗೆ ನೀನು ಕರ್ಟಿಸ್‌ನ ಹೆಂಡತಿಯೇ, ಬೇರೇನೂ ಆಗುವುದಿಲ್ಲ ಅನ್ನುವ ಹಾಗೆ. ನೀನು ಅದನ್ನು ಅಲ್ಲಿಂದಲೇ ಕಂಡಿರಬೇಕು. ಇಲ್ಲಿ ಬಂದರೆ ಆ ಖಾಲಿ ಪಾತ್ರೆಯನ್ನು ತುಂಬಬೇಕಾಗುತ್ತದೆ ಅಂತ ಅನ್ನಿಸಿದರೆ ಯಾರಿಗೆ ತಾನೇ ಡ್ಯೂಟಿ ಬೀಳುವುದಿಲ್ಲ? ಹಾಗಾಗಿ ಹೇಳುತ್ತಿದ್ದೇನೆ, ಮ್ಯಾಕರೋನಿ ಇನ್ನು ರಮೋನಾಳದು. ನಿನ್ನಿಂದ ಕಿತ್ತುಕೊಂಡೆ ಅಂತ ತಿಳಿಯಬೇಡ. ನೀನು ಈ ಮನೆಗೆ ಏನನ್ನೂ ಹೊತ್ತು ತರಬೇಕಾಗಿಲ್ಲ. ಹೆಣ್ಣುಮಕ್ಕಳು ತಾಯಿಯ ಮನೆಗೆ ಬರಿಗೈಯಲ್ಲಿ ಬರಬಹುದು.

ಹ್ಯಾಟಿ ಅಕ್ಕ ನಿನಗೆ ಮುತ್ತು ಕಳಿಸಿದ್ದಾಳೆ, ರಾಸ್ಕೋ ನಿನ್ನ ಕಾರಿನ ಎಣ್ಣೆ ಬದಲಾಯಿಸಿದ್ದೀಯಾ ಅಂತ ಕೇಳಿದ್ದಾನೆ. ರಮೋನಾ ಏನು ಹೇಳಬೇಕೋ ತಿಳಿಯದೆ ಒಂದು ಡಬ್ಬಿ ಪೆಕಾನ್ ಬೀಜದ ಬರ್ಫಿ ಕೊಟ್ಟಿದ್ದಾಳೆ, ಬೇರೆ ಪಾರ್ಸೆಲಿನಲ್ಲಿ ಬರುತ್ತದೆ. ದೇವರು ನಿನ್ನ ಕೈಗೆ ಬಲ, ಕಾಲಿಗೆ ಬಿಡುವು, ಮನಸ್ಸಿಗೆ ನಗು ಕೊಡಲಿ.

ಯಾವತ್ತೂ ನಿನ್ನ ಅಮ್ಮನೇ ಆದ
ಆಲ್ಬರ್ಟಾ

ಮರೆತಿದ್ದೆ: ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಫೋನು ಮಾಡಿದಾಗ ಗಂಡಸೊಬ್ಬ ಎತ್ತಿಕೊಂಡ, ನಲ್ಲಿ ರಿಪೇರಿಯವನು ಅಂದೆ ನೀನು. ಮಗಳೇ, ನಲ್ಲಿ ರಿಪೇರಿಯವರು ಚರ್ಚಿನ ಹೊತ್ತಿಗೆ ಬರುವುದಿಲ್ಲ. ಬಂದರೂ "ಮಿಸ್ ಆಲ್ಬರ್ಟಾ, ನಿಮ್ಮ ಮಂಡಿ ಹೇಗಿದೆ?" ಅಂತ ಕೇಳುವುದಿಲ್ಲ. ದನಿ ಒಳ್ಳೆಯದಿತ್ತು, ಮರ್ಯಾದಸ್ತನ ಹಾಗೆ ಕಂಡ. ಕ್ರಿಸ್‌ಮಸ್ಸಿಗೆ ಅವನನ್ನು ಕರೆದುಕೊಂಡು ಬಾ. ರಾಸ್ಕೋನಿಗೆ ಹೇಳಿದ್ದೇನೆ, ಕೀಟಲೆ ಮಾಡುತ್ತಾನೆ, ಆದರೆ ಅತಿ ಮಾಡುವುದಿಲ್ಲ. ಹೊಸಬರು ಮೊದಲ ವರ್ಷ ಈ ಮನೆಗೆ ಐಸ್ ಬಿಟ್ಟು ಬೇರೇನೂ ತರುವ ಹಾಗಿಲ್ಲ, ನೀನೂ ಅದನ್ನೇ ತಂದಿದ್ದೆ. ಎರಡು ಚೀಲ ಸಾಕು. ತನಗೆ ಅಡುಗೆ ಬರುತ್ತದೆ ಅಂತ ಅವನು ಎಷ್ಟೇ ಹೇಳಲಿ, ಕೇಳಬೇಡ.