ಸೆಂಟರ್ ಹಾಫಿನ ಜಾಗ

೭ ಆಜರ ಮಾಹೆ, ೧೩೩೮ ಫಸಲಿ ಸನ. ಬೀದರ. ಸಂಜೆ

ಮತ್ತೆ ಸೋತೆವು. ಉದಗೀರಿನವರು ಐದು ಗೋಲು, ನಾವು ಸೊನ್ನೆ. ಮುರುಮಿನ ನೆಲಕ್ಕೆ ಬಿದ್ದು ಮೊಣಕಾಲು ತರಚಿದೆ. ಹೆಂಡತಿ ಈರಮ್ಮ ಅರಿಷಿಣ ಹಚ್ಚಿದಳು, ಬೈಯುತ್ತಲೇ ಹಚ್ಚಿದಳು.

ಸೋಲದೆ ಏನು ಮಾಡುತ್ತೇವೆ? ಹೋದ ವಾರ ನಾನು ಸೆಂಟರ್ ಹಾಫ್. ಇವತ್ತು ಬ್ಯಾಕ್. ಅರ್ಧ ಆಟ ಮುಗಿದ ಮೇಲೆ ಎಡಗಡೆಯ ಫಾರ್ವರ್ಡ್! ಯಾಕೆಂದರೆ ಹೊಸದಾಗಿ ಬಂದ ಪೊಲೀಸ್ ಅಮೀನ ಸಾಹೇಬರಿಗೆ ಮುಂದೆ ನಡುವೆ ಆಡುವ ಮನಸ್ಸಾಯಿತು. ನಮ್ಮ ಕ್ಯಾಪ್ಟನ್ ವೈಜಿನಾಥಪ್ಪ ವಕೀಲರ ಪದ್ಧತಿಯೇ ಹೀಗೆ — ಊರಿಗೆ ಯಾವ ಹಾಕಿಮರು, ಸರಕಾರಿ ಸಾಹೇಬರು ಬಂದರೂ ಮೊದಲು ಪಾನ, ಆಮೇಲೆ ಅತ್ತರು, ಆಮೇಲೆ ಟೀಮಿನಲ್ಲಿ ಒಳ್ಳೆಯ ಜಾಗ. ಉಳಿದವರು ಅವರವರ ಹುದ್ದೆ ನೋಡಿಕೊಂಡು ಸರಿದು ನಿಲ್ಲಬೇಕು. ಅಮೀನರು ದಾರಿಗೆ ಬಂದರೆ ನಮ್ಮವರೇ ಬಾಲು ಬಿಟ್ಟುಕೊಟ್ಟು ಪಕ್ಕಕ್ಕೆ ನಿಲ್ಲುತ್ತಾರೆ. ಇದು ಫುಟ್‌ಬಾಲೋ, ದರ್ಬಾರೋ?

ಆಟ ಮುಗಿದ ಮೇಲೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ.

“ವಕೀಲಸಾಬ, ದಿನಕ್ಕೊಂದು ನಮೂನಿ ನಿಂತ್ರ ಟೀಮ್ ಆಗೂದಿಲ್ರಿ. ಇಬ್ರು ಬ್ಯಾಕ್, ಮೂರು ಮಂದಿ ಹಾಫ್, ಐದು ಮಂದಿ ಮುಂದ. ಯಾರ ಜಾಗಾ ಯಾವ್ದಂತ ಒಮ್ಮಿ ಠರಾಯ್ಸಿದ್ರ ವರ್ಷಾನಗಟ್ಲೆ ಅದೇ ಇರ್ಬೇಕು. ಹಾಕಿಮರು ಬಂದ್ರ ಖುರ್ಚಿ ಹಾಕ್ರಿ.”

ನಕ್ಕರು. ಎಲ್ಲರ ಮುಂದೆ. ಅಮೀನರಿಗೆ ಉರ್ದುವಿನಲ್ಲಿ ಬಿಡಿಸಿ ಹೇಳಿ ಇನ್ನೊಮ್ಮೆ ನಕ್ಕರು.

“ಶಿವರಾಜಪ್ಪ, ನೀ ಕಚೇರ್ಯಾಗ ನಕಲು ಬರಿಯಾಂವ. ನಮಗ ಆಟಾ ಕಲಸ್ತಿ? ತಗೋ, ಇದು ನಿನ್ನ ಜಾಗಾ.”

ಕೈಗೆ ಶರಬತ್ತಿನ ತಟ್ಟೆ ಕೊಟ್ಟರು. ಹಿಡಿದೆ... ಯಾಕೆ ಹಿಡಿದೆನೋ. ಕುರ್ಚಿಯಿಂದ ಕುರ್ಚಿಗೆ ಹೋದೆ. ಒಂದು ಗ್ಲಾಸು ಚೆಲ್ಲಿತು. ಅದಕ್ಕೂ ನಕ್ಕರು.

ವಕೀಲಾ, ನಿನ್ನನ್ನು ಬಿಡುವುದಿಲ್ಲ. ಇದೇ ಮೈದಾನದಲ್ಲಿ ನಿನ್ನನ್ನು ಸೋಲಿಸುತ್ತೇನೆ. ಸೋಲಿಸಿ, ನಿನ್ನ ಮುಖ ನೋಡುತ್ತಾ ನಿಲ್ಲುತ್ತೇನೆ.

೯ ಆಜರ

ಕಚೇರಿಯಲ್ಲಿ ಸುದ್ದಿ ಹಬ್ಬಿದೆ. ಪೇಶಕಾರರು ಬಾಯಾರಿಕೆ ಎಂದರು, ನನ್ನ ಕಡೆ ನೋಡಿದರು. ಕೋಣೆಯೆಲ್ಲ ಕಿಸಿಕಿಸಿ.

ಈ ಊರು ಬಿಟ್ಟು ಭಾಲ್ಕಿಯ ಕಚೇರಿಗೆ ತಬಾದಲೆ ಕೇಳಿ ಅರ್ಜಿ ಕೊಟ್ಟೆ.

ಈರಮ್ಮನಿಗೆ ಹೇಳಿದೆ. ರೊಟ್ಟಿ ಬಡಿಯುವುದು ನಿಂತಿತು. “ಒಂದು ಚೆಂಡಿನ ಸಲುವಾಗಿ ಊರು ಬಿಡ್ತೀರೇನ್ರಿ?”

ಚೆಂಡಿನ ಸಲುವಾಗಿ ಅಲ್ಲ ಎಂದೆ. ಮತ್ತೆ ಯಾತರ ಸಲುವಾಗಿ ಎಂದು ಕೇಳಿದಳು. ಹೆಂಗಸರಿಗೆ ಏನು ಹೇಳುವುದು.

೨ ಬಹಮನ. ಭಾಲ್ಕಿ

ಎರಡು ತಿಂಗಳು ಕಾದ ಮೇಲೆ ತಬಾದಲೆ ಆಯಿತು. ಮನೆಯೂ ಸಿಕ್ಕಿತು, ಕೋಟೆಯ ಹಿಂದೆ. ಅದರಾಚೆ ಬಯಲು. ಕಪ್ಪು ಮಣ್ಣು, ಬಾಲು ಪುಟಿಯುವುದಿಲ್ಲ. ಒಳ್ಳೆಯದೇ. ನೆಲದ ಮೇಲೆ ಆಡಲು ಕಲಿಯುತ್ತಾರೆ.

ಜನ ಸೇರಿಸಿದ್ದೇನೆ. ಅಡತಿ ಅಂಗಡಿಯ ಬಸವಣ್ಣೆಪ್ಪ — ದೊಡ್ಡ ಆಳು, ಮಾತು ಕಡಿಮೆ, ಆಡಿದರೆ ಖಡಕ್. ಅವನು ಬ್ಯಾಕ್. ಬಳೆ ಅಂಗಡಿಯ ಅಬ್ದುಲ ಸಮದ ಗೋಲಕೀಪರ್. ಹಗಲೆಲ್ಲ ಬಳೆ ತೊಡಿಸುವ ಕೈ, ಬಂದದ್ದನ್ನು ಬೀಳಿಸುವುದಿಲ್ಲ. ಹೊಲಿಗೆ ಮಷೀನಿನ ಪಂಢರಿ ಫಾರ್ವರ್ಡ್. ಕಾಲು ಚುರುಕು, ಆದರೆ ಒಂದು ಕಡೆ ನಿಲ್ಲುವುದಿಲ್ಲ. ಉಳಿದವರು ಬಜಾರದವರು, ಭಾತಂಬ್ರಾದಿಂದ ಬರುವ ಇಬ್ಬರು ರೈತರು.

ಯಾರೂ ಹಾಕಿಮರಲ್ಲ. ಯಾರ ಅಣ್ಣನೂ ಹಾಕಿಮನಲ್ಲ. ಅಬ್ಬಾ!

ಸೆಂಟರ್ ಹಾಫ್ ನಾನೇ.

೧೧ ಬಹಮನ

ಗೋಳು. ಬಾಲು ಎಲ್ಲಿಗೆ ಹೋದರೂ ಹನ್ನೊಂದೂ ಮಂದಿ ಅಲ್ಲಿಗೇ ಓಡುತ್ತಾರೆ. ಸಮದನೂ ಗೋಲು ಬಿಟ್ಟು ಓಡಿ ಬಂದ!

ಇಂಗ್ಲಿಷ್ ಹೆಸರು ಹೇಳಿದರೆ ತಲೆಗೆ ಹೋಗುವುದಿಲ್ಲ. ಬಯಲಿನ ಪಕ್ಕದ ಕಣದಲ್ಲಿ ಜೋಳದ ರಾಶಿ ನಡೆದಿತ್ತು. ಎಲ್ಲರನ್ನೂ ಕರೆದುಕೊಂಡು ಹೋಗಿ ತೋರಿಸಿದೆ. ನಡುವೆ ಮೇಟಿಯ ಕಂಬ. ಅದರ ಸುತ್ತ ಎತ್ತುಗಳು. ಒಂದೊಂದಕ್ಕೆ ಒಂದೊಂದು ದಾರಿ, ಒಂದರ ಕಾಲಿಗೆ ಇನ್ನೊಂದು ಸಿಗುವುದಿಲ್ಲ.

“ಸೆಂಟರ್ ಹಾಫ್ ಅಂದ್ರ ಮೇಟಿರಿ. ಅದು ಕದಲಬಾರ್ದು. ನೀವು ನಿಮ್ಮ ದಾರಿ ಬಿಡಬಾರ್ದು.”

ಬಸವಣ್ಣೆಪ್ಪ ಬಹಳ ಹೊತ್ತು ಎತ್ತುಗಳನ್ನೇ ನೋಡಿದ. “ಈಗ ತಿಳೀತ್ರಿ,” ಎಂದ.

೧೩ ಬಹಮನ

ಸುಣ್ಣದಿಂದ ಬಯಲಿನಲ್ಲಿ ಪಟ್ಟಿ ಹಾಕಿಸಿದೆ. ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ. ಕಾನೂನು ಒಂದೇ — ಕೆಲಸವಿಲ್ಲದೆ ಪಟ್ಟಿ ಬಿಟ್ಟವನು ಹೊರಗೆ ಕೂರಬೇಕು. ಯಾರೇ ಆಗಲಿ.

ಪಂಢರಿ ಬಂದ ಹತ್ತು ನಿಮಿಷದಲ್ಲೇ ಹೊರಗೆ ಕೂತ.

೨೦ ಇಸ್ಫಂದಾರ

ತಿಂಗಳಿನಿಂದ ಬರೆದಿಲ್ಲ. ಕಚೇರಿ, ಬಯಲು, ಊಟ, ನಿದ್ದೆ.

ಆಟ ಬಂದಿದೆ. ನಿಜವಾಗಿ ಬಂದಿದೆ. ಬಸವಣ್ಣೆಪ್ಪ ತಲೆ ಎತ್ತದೆ ಎಡಕ್ಕೆ ತಳ್ಳುತ್ತಾನೆ, ಅಲ್ಲಿ ಹಾಫ್ ಇದ್ದೇ ಇರುತ್ತಾನೆ. ಅವನಿಂದ ನನಗೆ, ನನ್ನಿಂದ ಪಂಢರಿಗೆ. ಬಾಲು ನೆಲ ಬಿಟ್ಟು ಏಳುವುದಿಲ್ಲ. ಯಾರಿಗೂ ಯಾರನ್ನೂ ಕೂಗುವ ಅಗತ್ಯವಿಲ್ಲ. ಪಂಢರಿ ಈಗ ಎಷ್ಟು ಕಟ್ಟುನಿಟ್ಟು ಎಂದರೆ, ನೀರು ಕುಡಿಯಲೂ ಪಟ್ಟಿ ದಾಟುವ ಮುಂಚೆ ಕೇಳುತ್ತಾನೆ.

ಸಂತೋಷ ಆಗಬೇಕಲ್ಲವೇ? ಆಗುತ್ತದೆ. ಆದರೆ ಒಂದೊಂದು ಪಾಸು ಸರಿಯಾದಾಗಲೂ ವಕೀಲನ ಮುಖವೇ ಕಣ್ಣ ಮುಂದೆ. ಆ ಪಾನದ ಕೆಂಪು ಹಲ್ಲು. ಆ ನಗು.

ಬೀದರಿಗೆ ಸವಾಲು ಕಳಿಸಿದೆ.

೨೮ ಇಸ್ಫಂದಾರ

ಒಪ್ಪಿದ್ದಾರೆ! ಬರುವ ತಿಂಗಳು, ಶುಕ್ರವಾರ, ಅವರದೇ ಮೈದಾನ. ಜವಾಬು ತಂದವನು ಹೇಳಿದ — ವಕೀಲರು ಸವಾಲು ಓದಿ, “ಯಾವ ಶಿವರಾಜಪ್ಪ?” ಎಂದು ಕೇಳಿದರಂತೆ.

ಯಾವ ಶಿವರಾಜಪ್ಪ! ತೋರಿಸುತ್ತೇನೆ.

ಈರಮ್ಮ ಎಂದಳು, “ಕನಸಿನ್ಯಾಗ ಹಲ್ಲು ಕಡೀಲತ್ತೀರಿ. ಬಾಜೂಕ ಮಲಗಲಿಕ್ಕ ಅಂಜಿಕಿ ಬರ್ತದ.”

೧೯ ಫರವರ್ದಿ. ಬೀದರ. ಮುಂಜಾನೆ

ಬಂಡಿಯಲ್ಲಿ ಬಂದಿಳಿದೆವು. ಮೈದಾನ ನೋಡಿ ಬಂದೆ. ಕುರ್ಚಿ ಹಾಕುತ್ತಿದ್ದಾರೆ. ಅಮೀನರು ಈ ಸಲವೂ ಸೆಂಟರ್ ಫಾರ್ವರ್ಡ್ ಅಂತೆ. ಹೊಸ ಮುನಸೀಫರೂ ಆಡುತ್ತಾರಂತೆ, ಎಲ್ಲಿ ಎಂದು ಇನ್ನೂ ತೀರ್ಮಾನವಾಗಿಲ್ಲ. ಭೇಷ್! ನಿಮ್ಮ ಈ ಅದಬು-ಮರ್ಯಾದೆಯೇ ನಿಮ್ಮನ್ನು ಮುಳುಗಿಸಲಿ.

ಇವತ್ತು ತೀರುತ್ತದೆ.

೨೦ ಫರವರ್ದಿ. ಭಾಲ್ಕಿ

ಬರೆಯಬಾರದು ಎಂದುಕೊಂಡಿದ್ದೆ. ಬರೆಯದಿದ್ದರೆ ಎದೆ ಒಡೆಯುತ್ತದೆ.

ಮೊದಲ ಅರ್ಧ. ನಾವು ಪಟ್ಟಿಯಲ್ಲಿ ಆಡಿದ ಹಾಗೆಯೇ ಆಡಿದೆವು. ಅವರು ಅಮೀನರನ್ನು ಹುಡುಕಿ ಹುಡುಕಿ ಬಾಲು ಒಪ್ಪಿಸುತ್ತಿದ್ದರು, ಬಸವಣ್ಣೆಪ್ಪ ಸುಮ್ಮನೆ ತೆಗೆದುಕೊಂಡು ಬರುತ್ತಿದ್ದ. ಪಂಢರಿ ಒಂದು ಗೋಲು ಹೊಡೆದ.

ಆಗ ವಕೀಲನ ಕಡೆ ನೋಡಿದೆ. ನಗುತ್ತಿದ್ದ! ಗೋಲು ತಿಂದೂ ನಗುತ್ತಿದ್ದ, ಮುನಸೀಫರ ಜೊತೆ ಏನೋ ಮಾತು. ಮೈಯೆಲ್ಲ ಉರಿಯಿತು. ಆಮೇಲೆ ಬಾಲು ಕಾಣಲಿಲ್ಲ, ವಕೀಲನ ಕಾಲೇ ಕಂಡಿತು. ಅವನು ಬಲಕ್ಕೆ ಹೋದರೆ ನಾನೂ ಬಲಕ್ಕೆ. ಒಮ್ಮೆ ಕೆಡವಿದೆ. ಎದ್ದ, ಧೂಳು ಕೊಡವಿಕೊಂಡ. ಮತ್ತೆ ಕೆಡವಿದೆ. ಬೂಟಿನ ಲೇಸು ಕಟ್ಟಲು ಗೆರೆಯ ಅಂಚಿಗೆ ಹೋದ — ನಾನು ಅಲ್ಲಿಯೂ ಹೋಗಿ ನಿಂತೆ. ಅಷ್ಟರಲ್ಲಿ ಹಿಂದಿನಿಂದ ಗದ್ದಲ. ಮೈದಾನದ ನಡುವೆ ಯಾರೂ ಇಲ್ಲ. ಅಮೀನರು ಸಂಜೆಯ ಗಾಳಿಗೆ ಹೊರಟವರ ಹಾಗೆ ನಡೆದು ಬಂದು ಗೋಲು ಹೊಡೆದರು. ಅವರ ಜೀವಮಾನದ ಮೊದಲ ಗೋಲು ಇರಬೇಕು. ಕುರ್ಚಿಯವರೆಲ್ಲ ಎದ್ದು ನಿಂತರು.

ಅರ್ಧ ಆಟ. ಒಂದಕ್ಕೊಂದು. ಬೇವಿನ ಗಿಡದ ಕೆಳಗೆ ನಮ್ಮವರು ಗುಂಪಾಗಿ ಕೂತಿದ್ದರು. ನಾನು ಹೋದ ಕೂಡಲೇ ಬಸವಣ್ಣೆಪ್ಪ ಎದ್ದ.

“ಶಿವರಾಜಪ್ಪೋರೇ, ನೀವು ಹೊರಗ ಕೂಡ್ರಿ.”

“ಏನಂದಿ?”

“ಹೊರಗ ಕೂಡ್ರಿ. ಮೇಟಿನೇ ಓಡ್ಯಾಡ್ಲತ್ರ ಎತ್ತು ಎಲ್ಲಿ ಹೋಗ್ಬೇಕ್ರಿ?”

“ನಾ ಹೊರಗ ಹೋದ್ರ ಹತ್ತೇ ಮಂದಿ ಉಳೀತೀರಿ. ಬ್ಯಾರೆಯವ್ರನ್ನ ಒಳಗ ಬಿಡೂದಿಲ್ಲ, ತಿಳಿದದಿಲ್ಲೋ?”

“ತಿಳಿದದ್ರಿ. ಹತ್ತು ಮಂದಿ ಸಾಕು. ಪಂಢರಿ ಹಿಂದ ಸರೀತಾನ.”

ಪಂಢರಿಯ ಕಡೆ ನೋಡಿದೆ. ನನ್ನ ಕೈಯಲ್ಲಿ ಕಲಿತವನು. ನೆಲ ನೋಡುತ್ತಾ ಹೇಳಿದ, “ಕಾನೂನು ನೀವೇ ಮಾಡೀರಿ, ಗುರುಗಳೇ. ಯಾರೇ ಆಗ್ಲಿ ಅಂದಿದ್ರಿ.”

ಸಮದ ಮಾತ್ರ ಹತ್ತಿರ ಬಂದು ಮೆಲ್ಲಗೆ ಹೇಳಿದ, “ಗುಸ್ಸಾ ಮಾಡ್ಕೋಬ್ಯಾಡ್ರಿ, ಭಾಯಿ. ನಾವು ಗೆಲ್ಲಲಿಕ್ಕ ಬಂದೇವಿ. ನೀವು ಅವ್ರನ್ನ ಕೆಡವಲಿಕ್ಕ ಬಂದೀರಿ.”

ಕೂತೆ. ಬೇವಿನ ಬೇರಿನ ಮೇಲೆ. ಹತ್ತು ಮಂದಿ ಆಡಿದರು. ನಾನು ಕಟ್ಟಿದ ಆಟವನ್ನೇ ಆಡಿದರು, ಒಂದು ಪಾಸೂ ತಪ್ಪಲಿಲ್ಲ. ಪಂಢರಿ ನಡುವೆ ನಿಂತ, ಕದಲಲಿಲ್ಲ. ನನ್ನ ಜಾಗದಲ್ಲಿ ನಾನು ನಿಂತದ್ದಕ್ಕಿಂತ ಚೆನ್ನಾಗಿ ನಿಂತ. ಕಡೆಗೆ ಭಾತಂಬ್ರಾದ ರೈತ ಗೋಲು ಹೊಡೆದ. ಗೆದ್ದರು.

ಗೆದ್ದೆವು ಎಂದು ಬರೆಯಲು ಕೈ ಬರುತ್ತಿಲ್ಲ.

ಇನ್ನೂ ಇದೆ. ಆಟ ಮುಗಿದ ಮೇಲೆ ವಕೀಲ ಬಂದ. ಎಷ್ಟು ತಿಂಗಳು ಕಾದಿದ್ದೆ ಆ ಮುಖಕ್ಕಾಗಿ! ಕೈಯಲ್ಲಿ ಶರಬತ್ತಿನ ತಟ್ಟೆ. ಮೆಹಮಾನರಿಗೆಂದು ತಾನೇ ಹಿಡಿದು ಒಬ್ಬೊಬ್ಬರಿಗೂ ಕೊಡುತ್ತಾ ಬಂದ, ನಾಚಿಕೆಯಿಲ್ಲ, ಬೇಸರವಿಲ್ಲ. ಬೇವಿನ ಗಿಡದ ಕೆಳಗೂ ಬಂದ.

“ತಗೋರಿ. ಕಾಲಿಗಿ ಪೆಟ್ಟಾಗ್ಯಾದೇನ್ರಿ, ಹೊರಗ ಕುಂತೀರಿ? ನಿಮ್ಮ ಟೀಮ್ ಭಾರೀ ಆಡ್ತು. ಯಾರು ಕಲಿಸ್ಯಾರ್ರಿ ಅವ್ರಿಗಿ?”

ನಿಜವಾಗಿ ಕೇಳಿದ. ಹಂಗಿಸಲಿಲ್ಲ. ನನ್ನ ಗುರುತೇ ಸಿಕ್ಕಿರಲಿಲ್ಲ.

ಗ್ಲಾಸು ಮುಟ್ಟಲಿಲ್ಲ. ಇಷ್ಟೇ ನನ್ನ ಕೈಲಾದದ್ದು.

೨೧ ಫರವರ್ದಿ

ಊರಲ್ಲಿ ಮೆರವಣಿಗೆ. ಪಂಢರಿಯನ್ನು ಹೆಗಲ ಮೇಲೆ ಹೊತ್ತಿದ್ದರು. ನಮ್ಮ ಬಾಗಿಲಿಗೂ ಬಂದರು, ಹಾರ ತಂದಿದ್ದರು. ಕದ ತೆರೆಯಲಿಲ್ಲ. ಬಸವಣ್ಣೆಪ್ಪ ಹೊರಗೆ ನಿಂತು ಕೂಗಿದ, “ಬಾಗಿಲು ತೆಗೀರಿ, ನೀವಿಲ್ದ ಇದು ಆಗ್ತಿದ್ದಿಲ್ರಿ.”

ಹೌದು. ನಾನಿಲ್ಲದೆ ಆಗುತ್ತಿರಲಿಲ್ಲ. ನನ್ನನ್ನು ಹೊರಗೆ ಕೂಡಿಸುವುದೂ ಆಗುತ್ತಿರಲಿಲ್ಲ. ದಗಾಕೋರರು!

ಹಾರವನ್ನು ಚಿಲಕಕ್ಕೆ ಸಿಕ್ಕಿಸಿ ಹೋದರು. ಈರಮ್ಮ ಒಳಗೆ ತಂದು ದೇವರಿಗೆ ಹಾಕಿದಳು. ಅದಕ್ಕೂ ಜಗಳ.

೨೩ ಫರವರ್ದಿ

ವಕೀಲನ ಮೇಲೆ ಈಗ ಅಷ್ಟು ಸಿಟ್ಟಿಲ್ಲ. ಅವನು ಹೊರಗಿನವನು. ಇವರು ನನ್ನವರು. ನನ್ನ ಆಟ ಕಲಿತು, ನನ್ನ ಕಾನೂನು ಹಿಡಿದು, ಸಾವಿರ ಜನರ ಮುಂದೆ...

ಇವರ ಆಟ ನನಗೆ ಗೊತ್ತು. ಬಸವಣ್ಣೆಪ್ಪ ಯಾವಾಗಲೂ ಎಡಕ್ಕೇ ತಳ್ಳುತ್ತಾನೆ. ಪಂಢರಿ ಕದಲುವುದಿಲ್ಲ. ಕದಲದವನನ್ನು ಹೇಗೆ ದಾಟಬೇಕೆಂದು ನನಗಿಂತ ಚೆನ್ನಾಗಿ ಯಾರು ಬಲ್ಲರು?

ಔರಾದಕ್ಕೆ ತಬಾದಲೆ ಕೇಳಿ ಅರ್ಜಿ ಕೊಟ್ಟೆ.

೧೭ ಖುರ್ದಾದ. ಔರಾದ

ಬಿಸಿಲು. ಈರಮ್ಮ ಚಿಂತಾಕಿಯ ತವರಿಗೆ ಹೋದಳು. “ಈ ಊರಿನವ್ರ ಮ್ಯಾಲೂ ಸಿಟ್ಟು ಬಂದ ಮ್ಯಾಲ ಹೇಳಿ ಕಳಸ್ರಿ, ಸೀದಾ ಮುಂದಿನ ಊರಿಗೇ ಬರ್ತೇನಿ,” ಎಂದು ಹೇಳಿಯೇ ಗಾಡಿ ಹತ್ತಿದಳು. ಒಬ್ಬನೇ. ಅಡುಗೆ ಬರುವುದಿಲ್ಲ.

ಇವತ್ತು ಸಂಜೆ ಮೊದಲ ಸಲ ಜನ ಸೇರಿದರು. ಶಾಲೆಯ ಡ್ರಿಲ್ ಮಾಸ್ತರ ಶರಫೋದ್ದೀನ ಕರೆದುಕೊಂಡು ಬಂದಿದ್ದ. ಒಳ್ಳೆಯ ಕಾಲುಗಳು, ತೆರೆದ ಮುಖಗಳು. ಹೊಸ ಬಾಲು ನೋಡಿ ಸರತಿಯಲ್ಲಿ ಮುಟ್ಟಿ ಮುಟ್ಟಿ ಕೊಟ್ಟರು. ಎಲ್ಲರನ್ನೂ ನೆಲದ ಮೇಲೆ ಕೂಡಿಸಿ ಹೇಳಿದೆ — ಯಾರ ಜಾಗ ಯಾವುದು, ಹೇಗೆ ನಿಲ್ಲಬೇಕು, ಯಾಕೆ ಬಿಡಬಾರದು. ಭಾಲ್ಕಿಯವರನ್ನು ಎಲ್ಲಿ ಮುರಿಯಬೇಕು, ಯಾರ ಎಡಗಾಲು ಸೊಟ್ಟ, ಯಾರಿಗೆ ಬೇಗ ಏದುಸಿರು ಬರುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅವರಿಗೆ ಮಣ್ಣು ಮುಕ್ಕಿಸಬೇಕು ಎಂದೆ. ದನಿ ಏರಿತ್ತು.

ಆಮೇಲೆ ಶರಫೋದ್ದೀನ ಕೈ ಎತ್ತಿದ. ಒಳ್ಳೆಯ ಮನುಷ್ಯ, ಕೆಡುಕು ಗೊತ್ತಿಲ್ಲ.

“ಎಲ್ಲಾ ತಿಳೀತ್ರಿ, ಸಾಬ. ಕಲೀತೇವಿ. ಒಂದು ಮಾತು ಕೇಳ್ಲೇನ್ರಿ — ಭಾಲ್ಕಿಯವ್ರು ನಮಗ ಏನ್ ಮಾಡ್ಯಾರ್ರಿ?”

ಎಲ್ಲರೂ ನನ್ನನ್ನೇ ನೋಡಿದರು. ನಾನು ಎದ್ದು ನಿಂತೆ. ಹೇಳಿದೆ, ಭಾಲ್ಕಿಯವರು ನಮಗೆ— ಅಲ್ಲ, ನನಗೆ—