ಹುಳದ ಮನೆಯ ಹೊಸ್ತಿಲು

ಅಕ್ಕೂರು,
೧೮ ಜೂನ್ ೨೦೨೫, ಬುಧವಾರ

ಪ್ರೀತಿಯ ತಮ್ಮ ಜಯನಿಗೆ, ನಿನ್ನ ಅಕ್ಕ ಪ್ರತಿಮಾ ಮಾಡುವ ಆಶೀರ್ವಾದಗಳು.

ಹೇಗಿದ್ದೀಯ? ಮಾಗಡಿಯ ನೀರು ಒಗ್ಗಿತೇ? ಮಾಯಮ್ಮತ್ತೆಯ ತೋಟದಲ್ಲಿ ಬೆಳಗಿನಿಂದ ಸಂಜೆವರೆಗೆ ಕಾಯಿ ಸುಲಿಯುತ್ತಿದ್ದೀಯಂತೆ. ನಿನ್ನ ಸೊಂಟನೋವಿಗೆ ಅದೇ ಸರಿಯಾದ ಔಷಧಿ ಎಂದು ಯಾವ ಡಾಕ್ಟರು ಹೇಳಿದರೋ ಕಾಣೆ! ಅತ್ತೆ ಎರಡನೇ ಮುದ್ದೆ ಹಾಕಿದರೆ ಬೇಡವೆನ್ನಬೇಡ, ಅವರು ಅದನ್ನು ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಳ್ಳುವ ಪೈಕಿ. ಇಲ್ಲಿ ಅಪ್ಪ, ಅಮ್ಮ ಆರೋಗ್ಯವಾಗಿದ್ದಾರೆ. ಅಮ್ಮನ ಮಂಡಿನೋವು ಹಾಗೇ ಇದೆ. ಮೊನ್ನೆಯ ಮಳೆಗೆ ಹಿಪ್ಪುನೇರಳೆ ಆಳೆತ್ತರ ಬಂದಿದೆ, ನಮ್ಮ ರೇಷ್ಮೆ ಹುಳದ ಮನೆ ಖಾಲಿ ಇರುವುದರಿಂದ ಅಪ್ಪ ಸೊಪ್ಪನ್ನೆಲ್ಲ ಪಕ್ಕದ ದೊಡ್ಡಹನುಮಯ್ಯನಿಗೆ ಕೊಡುತ್ತಿದ್ದಾರೆ. ನೀನು ನನ್ನ ಫೋನು ಎತ್ತುವುದಿಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಎತ್ತಿದ್ದರೆ ನಾನು ಊಟ ಆಯ್ತಾ, ಮಳೆ ಬಂತಾ ಎಂದು ಕೇಳಿ, ಹೇಳಬೇಕಾದ್ದನ್ನು ನುಂಗಿಕೊಂಡು ಇಟ್ಟುಬಿಡುತ್ತಿದ್ದೆ.

ಹೇಳಬೇಕಾದ್ದು ಇಷ್ಟು: ಏಪ್ರಿಲ್‌ನಲ್ಲಿ ಹುಳ ಸತ್ತದ್ದು ನಿನ್ನಿಂದಲ್ಲ, ನನ್ನಿಂದ. ಇದು ನನಗೆ ಆಗಲೇ ಗೊತ್ತಿತ್ತು.

ನಾನು ಕಾಲೇಜಿನಲ್ಲಿ ಅದೇನು ಮಾಡುತ್ತೇನೆಂದು ನೀನು ಎಷ್ಟೋ ಸಲ ಕೇಳಿದ್ದೀಯ, ನಾನು ಪಾಠ ಮಾಡಿ ಮಾಡಿ ನಿನ್ನ ತಲೆ ಕೆಡಿಸಿದ್ದೇನೆ. ಈಗ ನೆಟ್ಟಗೆ ಹೇಳುತ್ತೇನೆ. ಹುಳದ ಮನೆಯ ಗೋಡೆಗೆ ನಾನು ಹಾಕಿಕೊಟ್ಟ ಬೋರ್ಡಿದೆಯಲ್ಲ, ಅದರೊಳಗೆ ಫ್ಯಾನು, ನೀರಿನ ಮಂಜು, ಅಲಾರಂ ಎಲ್ಲವನ್ನೂ ನಡೆಸುವ ಒಂದು ಯಜಮಾನ ಪ್ರೋಗ್ರಾಮಿದೆ. ಅದೇ ಕರ್ನಲ್. ಒಂದೊಂದು ಹುಳದ ಮನೆಯ ಗುಣ ಒಂದೊಂದು, ನಮ್ಮದು ಶೀಟಿನ ಮಾಡು, ದೊಡ್ಡಹನುಮಯ್ಯನದು ಹೆಂಚು. ಎಲ್ಲರಿಗೂ ಒಂದೇ ನಿಯಮ ಬರೆದರೆ ನಡೆಯುವುದಿಲ್ಲ. ಆದ್ದರಿಂದ ಸಾಕುವವರೇ ತಮ್ಮ ನಿಯಮ ಬರೆದು ಕರ್ನಲ್‌ಗೆ ಸೇರಿಸುವ ಹಾಗಿರಬೇಕು. ಆ ನಿಯಮವನ್ನು ಹೊರಗೇ ಇಟ್ಟು ಓಡಿಸಿದರೆ ಭಯವಿಲ್ಲ, ಆದರೆ ನಿಧಾನ. ಕರ್ನಲ್‌ನ ಒಳಕ್ಕೇ ಬಿಟ್ಟುಕೊಂಡರೆ ಬಲು ಚುರುಕು, ಆದರೆ ಅದು ಕೆಟ್ಟರೆ ಎಲ್ಲವೂ ಕೆಡುತ್ತದೆ. ಒಳಕ್ಕೆ ಬಿಡಲೂಬೇಕು, ಕೆಡಲೂಬಾರದು. ಅದಕ್ಕೇ ಬಾಗಿಲಲ್ಲಿ ಒಂದು ತಪಾಸಣೆ ಇಟ್ಟೆ. ಬಂದ ನಿಯಮವನ್ನು ಸಾಲು ಸಾಲಾಗಿ ಓದಿ, ಇದು ಶುರುವಾದರೆ ಮುಗಿಯುತ್ತದೆಯೇ, ಬೇರೆಯವರ ಜಾಗಕ್ಕೆ ಕೈ ಹಾಕುತ್ತದೆಯೇ ಎಂದು ನೋಡಿಯೇ ಒಳಗೆ ಬಿಡುವುದು. ಒಳಗೆ ಹೋದ ಮೇಲೂ ಅದರ ಹೆಜ್ಜೆ ಎಣಿಸುವ ಒಂದು ಕಾವಲು. ಮೂರು ವರ್ಷದ ನನ್ನ ಕೆಲಸವೆಂದರೆ ಇಷ್ಟೇ.

ಇದನ್ನು ನಾನು ಕಲಿತದ್ದು ಅಮ್ಮನಿಂದ ಎಂದರೆ ನೀನು ನಗುತ್ತೀಯ. ರಾಮನಗರದ ಕಾಲೇಜಿನಿಂದ ಬಂದ ನಾನು ಆಸೆಯಿಂದ ಹುಳ ನೋಡಲು ಹೋದರೆ, ಹೊಸ್ತಿಲಲ್ಲೇ ತಡೆದು ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿಸುತ್ತಿದ್ದಳು. "ನೀನ್ ನನ್ ಮಗ್ಳೇ ಇರ್ಬೋದು ಕಣವ್ವ, ನಿನ್ ಕಾಲು ಊರೆಲ್ಲಾ ತುಳ್ಕಂಡ್ ಬಂದೈತೆ" ಅನ್ನುತ್ತಿದ್ದಳು. ಅಳಿಯ ಬಂದರೂ ಅದೇ, ಪೂಜಾರಿ ಬಂದರೂ ಅದೇ.

ನೀನು ಮೊದಲ ನಿಯಮ ಬರೆದ ದಿನ ನೆನಪಿದೆಯೇ? ಪಿಯುಸಿಗೇ ಓದು ಬಿಟ್ಟವನು ಎಂದು ನಿನಗೆ ಅಂಜಿಕೆ. "ಅಕ್ಕೋ, ನಾನ್ ಏನಾರ ಎಡವಟ್ ಬರದ್ಬುಟ್ರೆ?" ಎಂದೆ. ನಾನು ದೊಡ್ಡದಾಗಿ ನಕ್ಕು, "ನಿನ್ನ ಎಡವಟ್ಟು ಬಾಗಿಲಲ್ಲೇ ನಿಲ್ಲುತ್ತೆ ಕಣೋ, ಧೈರ್ಯವಾಗಿ ಬರಿ" ಎಂದೆ. ಆ ಮಾತನ್ನು ನಂಬಿ ನೀನು ಬರೆದೆ. ಹುಳದ ಹಸಿವು, ಜ್ವರ, ನಿದ್ದೆ ನಿನಗೆ ತಿಳಿದಷ್ಟು ನನಗೆಲ್ಲಿ ತಿಳಿದಿತ್ತು! ನಿನ್ನ ನಿಯಮಗಳಿಂದಲೇ ಆ ಬೋರ್ಡಿಗೆ ಬುದ್ಧಿ ಬಂದದ್ದು.

ಏಪ್ರಿಲ್ ಮೊದಲ ವಾರ ನನ್ನ ಕೆಲಸ ನೋಡಲು ಹೊರಗಿನಿಂದ ಇಬ್ಬರು ಪರೀಕ್ಷಕರು ಬರುವವರಿದ್ದರು. ಕಾವಲಿನಿಂದಾಗಿ ಒಂದು ನಿಯಮ ಓಡಲು ಪ್ರತಿ ಸಲ ನಲವತ್ತು ಮೈಕ್ರೋಸೆಕೆಂಡು ಹಿಡಿಯುತ್ತಿತ್ತು, ತೆಗೆದರೆ ಹನ್ನೆರಡು. ಒಂದು ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿದರೆ ಒಂದು ಚೂರಿಗೆ ಆ ಹೆಸರು. ನಮ್ಮ ಫ್ಯಾನು ತಿರುಗಲು ಶುರುಮಾಡುವುದಕ್ಕೇ ಮೂರು ಸೆಕೆಂಡು ಬೇಕು, ನಾನು ಉಳಿಸಲು ಹೊರಟದ್ದು ಇಪ್ಪತ್ತೆಂಟು ಚೂರು! ಕಾವಲನ್ನೂ ಬಾಗಿಲ ತಪಾಸಣೆಯನ್ನೂ ಒಂದೇ ಸ್ವಿಚ್ಚಿಗೆ ಕಟ್ಟಿದ್ದೆ. ಎರಡನ್ನೂ ತೆಗೆದೆ. ಅವರು ನೋಡಿ ಹೊಗಳಿ ಹೋದರು. ಆಮೇಲೆ ಮತ್ತೆ ಹಾಕಬೇಕಿತ್ತು. ಮರೆತೆ ಎಂದರೆ ಸುಳ್ಳಾಗುತ್ತದೆ. ಇನ್ನಷ್ಟು ದಿನದ ಅಂಕಿ ಸಿಕ್ಕರೆ ಗ್ರಾಫು ಚೆನ್ನಾಗಿ ಕಾಣುತ್ತದೆಂದು ಬೇಕೆಂದೇ ಬಿಟ್ಟೆ. ನಿಯಮ ಬರೆಯುವವನು ನನ್ನ ತಮ್ಮನೊಬ್ಬನೇ, ನಮ್ಮವನಿಗೆಂಥ ತಪಾಸಣೆ ಎಂದುಕೊಂಡೆ. ಅಮ್ಮ ಯಾವತ್ತೂ ಮಾಡದ ತಪ್ಪು ಅದು. ನಿನಗೆ ಒಂದು ಮಾತು ಹೇಳಲೂ ಇಲ್ಲ.

ಮುಂದಿನದು ನಿನಗೆ ಗೊತ್ತು. ಮಂಜು ಬಿಟ್ಟ ಮೇಲೆ ತೇವ ಇಳಿಯುವವರೆಗೆ ಕಾಯಿ, ಆಮೇಲೆ ಫ್ಯಾನು ಹಾಕು ಎಂದು ನೀನು ಹೊಸದಾಗಿ ಬರೆದಿದ್ದೆ. ಸರಿಯಾದ ನಿಯಮವೇ. ಆದರೆ ತೇವ ಅಳೆಯುವ ಸೆನ್ಸರಿನ ಮೇಲೆ ಒಂದು ಹನಿ ಕೂತಿತು, ಅಂಕಿ ಇಳಿಯಲೇ ಇಲ್ಲ, ನಿನ್ನ ನಿಯಮ ಕಾಯುತ್ತಲೇ ನಿಂತಿತು. ಅದರ ಜೊತೆ ಕರ್ನಲ್ ನಿಂತಿತು, ಫ್ಯಾನು ನಿಂತಿತು, ಅಲಾರಂ ಕೂಡ ಕೂಗಲಿಲ್ಲ. ಅಪ್ಪ, ಅಮ್ಮ ಕೆಂಗಲ್‌ಗೆ ಮದುವೆಗೆ ಹೋಗಿದ್ದರು. ನೀನು ಬೋರ್ಡನ್ನು ನಂಬಿ, ಅಂದರೆ ನನ್ನನ್ನು ನಂಬಿ, ಸೊಪ್ಪು ಕೊಯ್ಯಲು ಹೋಗಿದ್ದೆ. ಆ ಮಧ್ಯಾಹ್ನದ ಬಿಸಿಲಿಗೆ ಶೀಟಿನ ಕೆಳಗೆ ಹುಳ ಬೆಂದುಹೋದವು. ಇನ್ನು ನಾಲ್ಕು ದಿನಕ್ಕೆ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕಾಗಿದ್ದ ಹುಳ. ಅವನ್ನು ಹೂಳಲು ಗುಂಡಿ ತೋಡಿದವನೂ ನೀನೇ.

ನಾನು ಮಾರನೆಯ ದಿನ ಬಂದು ಬೋರ್ಡು ತೆರೆದು ನೋಡಿದೆ. ತಪಾಸಣೆ ಇಲ್ಲ ಎಂದು ಅದರ ದಾಖಲೆಯ ಮೊದಲ ಸಾಲಿನಲ್ಲೇ ಇತ್ತು. ಹೊರಗೆ ಅಂಗಳದಲ್ಲಿ ಅಪ್ಪ ಕೂಗಾಡುತ್ತಿದ್ದರು. "ಓದ್ದೋಳ್ ಕೆಲ್ಸಕ್ಕೆ ನೀನ್ಯಾಕ್ಲಾ ಕೈ ಆಕ್ದೆ? ಒಂದ್ ಮನೆ ಹುಳವ ಗುಂಡಿಗ್ ಆಕ್ಬುಟ್ಟಲ್ಲೋ!" ನೀನು ನನ್ನ ಕಡೆ ತಿರುಗಿ, "ಅಕ್ಕ, ಅದು ಬಾಗ್ಲಲ್ಲೇ ತಡೀಬೇಕಾಗಿತ್ತಲ್ವಾ?" ಎಂದೆ, ಅಷ್ಟೇ. ನಾನು ಲ್ಯಾಪ್‌ಟಾಪ್ ಮುಚ್ಚಿ, "ನಿನ್ನ ನಿಯಮದಲ್ಲೇ ಏನೋ ತಪ್ಪಿದೆ" ಎಂದೆ. ನಾಚಿಕೆಗೇಡು ಕಣೋ. ಒಂದು ಮಾತಿನಲ್ಲಿ ನಿನ್ನನ್ನು ಮನೆಯಿಂದಾಚೆ ಕಳಿಸಿದೆ. ಇನ್ನು ಹುಳದ ಮನೆ ತುಳಿಯುವುದಿಲ್ಲವೆಂದು ಆಣೆಯಿಟ್ಟು ನೀನು ಬಸ್ಸು ಹತ್ತುವಾಗಲೂ ನನ್ನ ಬಾಯಿ ತೆರೆಯಲಿಲ್ಲ.

ನಿನ್ನೆ ಇಲ್ಲಿಗೆ ಬಂದು ತಪಾಸಣೆ ಹಾಕಿ, ನಿನ್ನ ನಿಯಮವನ್ನು ಒಂದಕ್ಷರ ಬದಲಿಸದೆ ಮತ್ತೆ ಕೊಟ್ಟು ನೋಡಿದೆ. ಒಳಗೆ ಬಿಡಲಿಲ್ಲ. ಹನ್ನೊಂದನೆಯ ಸಾಲು, ಇದು ಮುಗಿಯುವ ಖಾತ್ರಿಯಿಲ್ಲ ಎಂದಿತು. ನೀನು ಕೇಳಿದ್ದಕ್ಕೆ ಎರಡು ತಿಂಗಳು ತಡವಾಗಿ ಉತ್ತರ: ಹೌದು, ಬಾಗಿಲಲ್ಲೇ ತಡೆಯಬೇಕಾಗಿತ್ತು. ತಡೆಯುತ್ತಲೂ ಇತ್ತು. ಕಣ್ಣು ಮುಚ್ಚಿ ತೆರೆಯುವಷ್ಟೂ ಹೊತ್ತು ಹಿಡಿಯಲಿಲ್ಲ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತೇನೆ. ಬರುವ ಸೋಮವಾರ ಹೊಸ ಮರಿಹುಳ ತರಬಹುದೆಂದು ಅಮ್ಮ ಹೇಳುತ್ತಿದ್ದಾಳೆ. ನೀನಿಲ್ಲದೆ ತರುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ. ಮಾಯಮ್ಮತ್ತೆಗೆ ನಮಸ್ಕಾರ ತಿಳಿಸು. ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ. ನಿನಗೆ ಒಳ್ಳೆಯದಾಗಲಿ.

ನಿನ್ನ ತಪ್ಪಿತಸ್ಥ ಅಕ್ಕ,
ಪ್ರತಿಮಾ

ಮರೆತಿದ್ದೆ: ಇದನ್ನು ಅಪ್ಪನಿಗೆ ನೀನೇ ಓದಿ ಹೇಳು ಎಂದು ಬರೆಯುವುದರಲ್ಲಿದ್ದೆ. ಆದರೆ ನೀನು ನನ್ನ ಮರ್ಯಾದೆ ಉಳಿಸಲು ಸಾಲುಗಳನ್ನು ಹಾರಿಸಿ ಓದುವವನೇ. ಅದಕ್ಕೆ ಈಗಷ್ಟೇ ಹೊರಗೆ ಹೋಗಿ, ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿ, ಮೊದಲಿನಿಂದ ಕೊನೆಯವರೆಗೆ ನಾನೇ ಓದಿದೆ. ಅಮ್ಮ ಅತ್ತಳು. ಅಪ್ಪ ನನ್ನನ್ನು ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಎದ್ದು ಒಳಗೆ ಹೋಗಿ ಬಿಳಿ ಶರ್ಟು ಹಾಕಿಕೊಂಡು ಬಂದು, "ಮಾಗಡಿ ಬಸ್ ಎಷ್ಟೊತ್ಗೈತೆ?" ಎಂದರು. ಈ ಕಾಗದ ಅಂಚೆಗೆ ಹೋಗುತ್ತಿಲ್ಲ, ಅವರ ಜೇಬಿನಲ್ಲೇ ಬರುತ್ತಿದೆ. ಅವರಿಗೆ ಮಕ್ಕಳ ಹತ್ತಿರ ತಪ್ಪಾಯಿತು ಎಂದು ಹೇಳಿ ಅಭ್ಯಾಸವಿಲ್ಲ, ಬಂದು ಸುಮ್ಮನೆ ಬಾಗಿಲಲ್ಲಿ ನಿಂತುಬಿಡುತ್ತಾರೆ. ನೀನೇ ಒಳಗೆ ಕರಿ.